ಕೆರೆಯ ಹೆಪ್ಪೂ ಗಾಡಿಯ ಭಾರವೂ

ನೀರು ಕಲ್ಲಾಗುವ ದೇಶಗಳ ವೃತ್ತಾಂತವು ನಮ್ಮ ಸೀಮೆಯ ವಾಚಕರಿಗೆ ಮೊದಲ ನೋಟಕ್ಕೆ ಅಷ್ಟಾಗಿ ಸಂಬಂಧಪಟ್ಟುದಲ್ಲವೆಂದು ತೋರಬಹುದು. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಹೆಬ್ಬೂರಿನ ಸುತ್ತಣ ಕೆರೆಗಳ ಮೇಲೆ ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿ ಹೊತ್ತಾರೆ ಹಬೆಯಾಡುವುದುಂಟು, ನೀರು ಗಟ್ಟಿಯಾಗುವುದಿಲ್ಲ. ಹೆಪ್ಪೆಂದರೆ ನಮಗೆ ಹಾಲಿಗೆ ಹಾಕುವ ಹೆಪ್ಪು. ಕೆರೆಯೇ ಹೆಪ್ಪುಗಟ್ಟಿ, ಅದರ ಮೇಲೆ ಬಂಡಿಗಳೂ ಲಾರಿಗಳೂ ರೈಲುಬಂಡಿಗಳೂ ಓಡಾಡಿದ ಸಂಗತಿಯನ್ನು ಕೇಳಿದರೆ ಅದು ಪುರಾಣದ ಕಥೆಯಂತೆ ಕಾಣುವುದು ಸಹಜವೇ.

ಆದರೂ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ನಮ್ಮ ನಾಡಿನ ಅನೇಕ ಮನೆಗಳ ಮಕ್ಕಳು ಈಗ ಚಳಿಗಾಲದಲ್ಲಿ ಕೆರೆಗಳು ಗಟ್ಟಿಯಾಗುವ ಕೆನಡಾ, ಅಮೆರಿಕದ ಉತ್ತರ ಸಂಸ್ಥಾನಗಳು ಮೊದಲಾದೆಡೆ ನೆಲಸಿರುವುದೂ, ಸೈನ್ಯಕ್ಕೆ ಸೇರಿದವರು ಲಡಾಖಿನಂತಹ ಹಿಮಭೂಮಿಯಲ್ಲಿ ಕಾವಲಿರುವುದೂ ಮೊದಲನೆಯದು. ಎರಡನೆಯದು ಇನ್ನೂ ಸಮೀಪದ್ದು. ಮೇಲೆ ಗಟ್ಟಿ, ಒಳಗೆ ಮೃದು. ಕಣ್ಣಿಗೆ ನೆಲ, ಕಾಲಿಗೆ ನೀರು: ಈ ಮೋಸವು ಉತ್ತರದೇಶಗಳ ಕೆರೆಗಳಿಗೆ ಮಾತ್ರ ಮೀಸಲಾದುದಲ್ಲ. ನಮ್ಮ ಕೆರೆಯಂಗಳಗಳಿಗೂ ಏರಿಗಳಿಗೂ ಅದು ಬೇರೆ ವೇಷದಲ್ಲಿ ಬಂದಿದೆ. ಅಲ್ಲಿಯ ಚರಿತ್ರೆಯನ್ನು ತಿಳಿದರೆ ಇಲ್ಲಿಯ ಅಪಾಯವು ಸ್ಪಷ್ಟವಾದೀತೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

೧. ಹೆಪ್ಪಿನ ಸ್ವಭಾವ

ಇತರ ದ್ರವಗಳು ತಣ್ಣಗಾದಷ್ಟೂ ಭಾರವಾಗುತ್ತ ಹೋಗುತ್ತವೆ. ನೀರಿನ ಸ್ವಭಾವ ಹಾಗಲ್ಲ. ಅದು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿದ್ದು, ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಕೆರೆಯು ತಳದಿಂದಲ್ಲ, ಮೇಲಿನಿಂದ ಹೆಪ್ಪುಗಟ್ಟುತ್ತದೆ. ಕೆಳಗೆ ಮೀನುಗಳು ಬದುಕಿಕೊಳ್ಳುವುದು ಈ ಕಾರಣದಿಂದಲೇ. ಮೇಲೆ ನಡೆಯುವವನು ಮೋಸಹೋಗುವುದೂ ಈ ಕಾರಣದಿಂದಲೇ.

ಹೀಗಾದ ಮಂಜುಗಡ್ಡೆಯು ನೆಲದ ಮೇಲೆ ಹಾಸಿದ ಕಲ್ಲುಚಪ್ಪಡಿಯಲ್ಲ. ನೀರಿನ ಮೇಲೆ ತೇಲುವ ಹಲಗೆ. ಭಾರ ಬಿದ್ದಲ್ಲಿ ಅದು ಬಾಗುತ್ತದೆ, ಕೆಳಗಿನ ನೀರು ಅದನ್ನು ಎತ್ತಿ ಹಿಡಿಯುತ್ತದೆ. ಅದರ ದಪ್ಪ ಇಮ್ಮಡಿಯಾದರೆ ಹೊರುವ ಶಕ್ತಿಯು ಸುಮಾರು ನಾಲ್ಮಡಿಯಾಗುವುದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ತಿಳಿಯಾದ ಹೊಸ ಮಂಜುಗಡ್ಡೆಯು ನಾಲ್ಕಂಗುಲ ದಪ್ಪವಿದ್ದರೆ ಮನುಷ್ಯನು ನಡೆಯಬಹುದು. ಕಾರಿಗೆ ಒಂದು ಅಡಿಯಷ್ಟಾದರೂ ಬೇಕು. ಲಾರಿಗೆ ಇನ್ನೂ ಹೆಚ್ಚು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅಪಾಯವು ತಿಳಿಯುತ್ತದೆ: ದಪ್ಪವು ಅರ್ಧವಾದ ಕಡೆ ಶಕ್ತಿಯು ಕಾಲುಪಾಲಿಗೆ ಇಳಿಯುತ್ತದೆ. ಹೊಳೆ ಬಂದು ಸೇರುವಲ್ಲಿ, ಊಟೆ ಚಿಮ್ಮುವಲ್ಲಿ, ಜೊಂಡು ಬೆಳೆದಲ್ಲಿ ಹೆಪ್ಪು ತೆಳುವಾಗಿರುತ್ತದೆ. ಹಿಮ ಬೆರೆತು ಬೆಳ್ಳಗಾದ ಗಡ್ಡೆಯು ತಿಳಿಗಡ್ಡೆಯ ಅರ್ಧದಷ್ಟೇ ಬಲವುಳ್ಳದ್ದು. ಇವೆಲ್ಲ ಒಂದೇ ಕೆರೆಯಲ್ಲಿ ಹತ್ತು ಮಾರು ಅಂತರದಲ್ಲಿ ಇರಬಹುದು.

ಇನ್ನೂ ಎರಡು ಸೂಕ್ಷ್ಮಗಳುಂಟು. ಚಲಿಸುವಾಗ ಹೊತ್ತ ಭಾರವನ್ನು ಗಡ್ಡೆಯು ಅದು ನಿಂತಾಗಲೂ ಹೊರುವುದೆಂದು ಹೇಳಲಾಗದು. ನಿಂತ ಗಾಡಿಯ ಕೆಳಗೆ ಅದು ಮೆಲ್ಲಮೆಲ್ಲನೆ ಕುಸಿಯುತ್ತ ಹೋಗುತ್ತದೆ. ಹಾಗೆಂದು ವೇಗವಾಗಿ ಓಡಿಸಿ ದಾಟಿಬಿಡುವೆನೆಂದರೆ ಅದೂ ಸಲ್ಲದು. ಓಡುವ ಗಾಡಿಯು ಗಡ್ಡೆಯ ಕೆಳಗಿನ ನೀರಿನಲ್ಲಿ ಒಂದು ಅಲೆಯನ್ನೆಬ್ಬಿಸುತ್ತದೆ. ಗಾಡಿಯ ವೇಗವೂ ಅಲೆಯ ವೇಗವೂ ಒಂದಾದಾಗ ಅಲೆಯು ಚದುರಿಹೋಗದೆ ಗಾಡಿಯೊಡನೆಯೇ ಬೆಳೆಯುತ್ತ ಬಂದು, ಭಾರಕ್ಕೆ ಮುರಿಯದ ಗಡ್ಡೆಯನ್ನು ಮುರಿಯುತ್ತದೆ. ಐದು ಮೀಟರು ಆಳದ ನೀರಿನಲ್ಲಿ ಈ ವೇಗವು ಗಂಟೆಗೆ ಸುಮಾರು 25 ಕಿಲೋಮೀಟರು. ಹತ್ತು ಮೀಟರು ಆಳದಲ್ಲಿ ಸುಮಾರು 35. ಸಾಮಾನ್ಯವಾಗಿ ಎಚ್ಚರದ ವೇಗವೆಂದು ನಾವು ಭಾವಿಸುವುದೇ ಅಲ್ಲಿ ಕೇಡಿನ ವೇಗವೆನ್ನುವುದು ಗಮನಿಸತಕ್ಕ ವಿಷಯ.

೨. ಚರಿತ್ರೆಯ ನಾಲ್ಕು ಚಳಿಗಾಲಗಳು

1658ರಲ್ಲಿ ಸ್ವೀಡನ್ನಿನ ದೊರೆ ಹತ್ತನೆಯ ಕಾರ್ಲನು ಡೆನ್ಮಾರ್ಕಿನೊಡನೆ ಯುದ್ಧದಲ್ಲಿದ್ದನು. ಅವನಿಗೂ ಡೆನ್ಮಾರ್ಕಿನ ದ್ವೀಪಗಳಿಗೂ ನಡುವೆ ಸಮುದ್ರದ ಕವಲುಗಳಿದ್ದವು; ಅವನ ಬಳಿ ಸಾಕಷ್ಟು ಹಡಗುಗಳಿರಲಿಲ್ಲ. ಆ ವರ್ಷದ ಚಳಿಯು ಅಸಾಧಾರಣವಾಗಿ ಕವಲುಗಳೇ ಹೆಪ್ಪುಗಟ್ಟಿದುವು. ಮೊದಲನೆಯದಾದ ಲಿಟಲ್ ಬೆಲ್ಟನ್ನು ದಾಟುವಾಗ ಎರಡು ತುಕಡಿ ರಾವುತರು ಗಡ್ಡೆಯೊಡೆದು ಮುಳುಗಿದರು. ದೊರೆಯ ವಾಹನವೂ ಮುಳುಗಿತು, ಅವನು ಮಾತ್ರ ಅದರಲ್ಲಿರಲಿಲ್ಲ. ಎರಡನೆಯದಾದ ಗ್ರೇಟ್ ಬೆಲ್ಟಿಗೆ ಬಂದಾಗ ಅವನು ದುಡುಕಲಿಲ್ಲ. ಏರಿಕ್ ದಾಲ್‌ಬರ್ಗ್ ಎಂಬ ಅಧಿಕಾರಿಯನ್ನು ಮುಂದೆ ಕಳುಹಿಸಿ, ಗಡ್ಡೆಯನ್ನು ಪರೀಕ್ಷಿಸಿ ಬಂದ ಮೇಲೆಯೇ ಸೈನ್ಯವನ್ನು ನಡೆಸಿದನು. ಡೆನ್ಮಾರ್ಕು ರೋಸ್ಕಿಲ್ಡೆಯಲ್ಲಿ ಸಂಧಿಗೆ ಒಪ್ಪಿ ದೊಡ್ಡ ಸೀಮೆಗಳನ್ನು ಬಿಟ್ಟುಕೊಟ್ಟಿತು. ಗೆದ್ದವನ ಸಾಹಸವನ್ನು ಚರಿತ್ರೆ ಹೊಗಳಿತು. ಮೊದಲ ದಿನ ಮುಳುಗಿದ ರಾವುತರಿಂದ ಕಲಿತ ಪಾಠವಿಲ್ಲದಿದ್ದರೆ ಎರಡನೆಯ ಕವಲು ಅವನಿಗೆ ಗೋರಿಯಾಗುತ್ತಿತ್ತೋ ಏನೋ.

1805ರ ಡಿಸೆಂಬರ್ 2ರಂದು ಮೊರಾವಿಯದ ಆಸ್ಟರ್ಲಿಟ್ಸಿನಲ್ಲಿ ನೆಪೋಲಿಯನ್ನನು ರಷ್ಯಾ ಆಸ್ಟ್ರಿಯಗಳ ಸೈನ್ಯವನ್ನು ಸೋಲಿಸಿದನಷ್ಟೆ. ಸೋತವರಲ್ಲಿ ಒಂದು ಭಾಗವು ಸಾಚಾನ್ ಎಂಬಲ್ಲಿಯ ಹೆಪ್ಪುಗಟ್ಟಿದ ಕೊಳಗಳ ಮೇಲೆ ಫಿರಂಗಿಗಳನ್ನೆಳೆದುಕೊಂಡು ಓಡಿತು. ಫ್ರೆಂಚರ ಗುಂಡುಗಳು ಗಡ್ಡೆಯನ್ನು ಒಡೆದುವು. ಇಪ್ಪತ್ತು ಸಾವಿರ ಮಂದಿ ಮುಳುಗಿ ಸತ್ತರೆಂದು ನೆಪೋಲಿಯನ್ನನ ಪ್ರಕಟನೆಯು ಸಾರಿತು. ಆ ಕೊಳಗಳು ನಮ್ಮ ಕಟ್ಟೆಗಳಂತೆಯೇ ಮನುಷ್ಯರು ಕಟ್ಟಿದ, ಆಳವಿಲ್ಲದ ಮೀನುಗೊಳಗಳು. ಯುದ್ಧದ ಅನಂತರ ನೀರನ್ನು ಹೊರಗೆ ಬಿಟ್ಟು ನೋಡಿದಾಗ ಮನುಷ್ಯರ ಶವಗಳು ಕೆಲವೇ ದೊರೆತುವು. ಹೆಚ್ಚಾಗಿ ದೊರೆತದ್ದು ಕುದುರೆಗಳೂ ಫಿರಂಗಿಗಳೂ. ವಿಜಯಿಗಳ ಲೆಕ್ಕವನ್ನು ಚರಿತ್ರಕಾರನು ಹೇಗೆ ಓದಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನಮ್ಮ ವಿಷಯಕ್ಕೂ ಇದರಿಂದ ಒಂದು ಬೆಳಕು ಬೀಳುತ್ತದೆ: ಗಡ್ಡೆಯು ಚದುರಿ ಓಡುವ ಮನುಷ್ಯನಿಗಿಂತ ಒಂದೇ ಕಡೆ ಭಾರವೂರುವ ಗಾಲಿಯನ್ನು ಮೊದಲು ನುಂಗುತ್ತದೆ.

1904ರಲ್ಲಿ ರಷ್ಯಕ್ಕೂ ಜಪಾನಿಗೂ ಯುದ್ಧ ತೊಡಗಿದಾಗ ಸೈಬೀರಿಯದ ರೈಲುದಾರಿಯು ಬೈಕಲ್ ಸರೋವರದ ಬಳಿ ತುಂಡಾಗಿತ್ತು. ದಂಡೆಯನ್ನು ಬಳಸಿಹೋಗುವ ದಾರಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಬೇಸಗೆಯಲ್ಲಿ ಬಂಡಿಗಳನ್ನು ದಾಟಿಸುತ್ತಿದ್ದ ಹಡಗು ನಡುಚಳಿಗಾಲದಲ್ಲಿ ನಡೆಯದು. ಸೈನ್ಯವು ಕಾಯುವಂತಿರಲಿಲ್ಲ. ಆಗ ರೈಲ್ವೆ ಮಂತ್ರಿಯಾದ ಖಿಲ್ಕೋವನು ತಾನೇ ಅಲ್ಲಿಗೆ ಬಂದು ನಿಂತು, ಗಡ್ಡೆಯ ಮೇಲೆ ನಲವತ್ತು ಕಿಲೋಮೀಟರಿಗೂ ಮಿಕ್ಕಿದ ಹಳಿಯನ್ನು ಹಾಸಿಸಿದನು. ಪರೀಕ್ಷೆಗೆಂದು ಇಳಿಸಿದ ಎಂಜಿನ್ನು ಗಡ್ಡೆಯನ್ನೊಡೆದು ಸರೋವರಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಎಂಜಿನ್ನುಗಳನ್ನು ಬಿಚ್ಚಿ ಭಾಗಭಾಗವಾಗಿ ಸಾಗಿಸಿ, ಬಂಡಿಗಳನ್ನು ಒಂದೊಂದಾಗಿ ಕುದುರೆಗಳಿಂದ ಎಳೆಸಿದರು. ಯಂತ್ರಯುಗದ ಹೆಮ್ಮೆಯಾದ ಎಂಜಿನ್ನು ಸೋತು, ಕುದುರೆಯು ರೈಲುಗಾಡಿಯನ್ನು ಎಳೆದ ಪ್ರಸಂಗವಿದು.

ನಾಲ್ಕನೆಯ ಚಳಿಗಾಲವೇ ಎಲ್ಲಕ್ಕಿಂತ ಘೋರವಾದುದು. 1941ರ ಸೆಪ್ಟೆಂಬರಿನಲ್ಲಿ ಜರ್ಮನರು ಲೆನಿನ್‌ಗ್ರಾಡ್ ಪಟ್ಟಣವನ್ನು ಮುತ್ತಿದರು. ನೆಲದ ದಾರಿಗಳೆಲ್ಲ ಮುಚ್ಚಿಹೋಗಿ, ಲದೋಗಾ ಸರೋವರವೊಂದೇ ಉಳಿಯಿತು. ಪಟ್ಟಣದೊಳಗೆ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು. ನವೆಂಬರಿನಲ್ಲಿ ಹೆಪ್ಪು ಬಿಗಿಯುತ್ತ ಬಂದಂತೆ ಮೊದಲು ಕುದುರೆಯ ಜಾರುಬಂಡಿಗಳನ್ನು ಕಳುಹಿಸಿದರು. ಅವು ತಿರುಗಿ ಬಂದ ಮೇಲೆ, 22ನೆಯ ತಾರೀಖು, ಲಾರಿಗಳ ಮೊದಲ ಸಾಲು ಹೊರಟಿತು. ಅವು ಒಂದೂವರೆ ಟನ್ನು ಹೊರುವ ಚಿಕ್ಕ ಲಾರಿಗಳು. ಗಡ್ಡೆ ತೆಳುವಾಗಿದ್ದ ಆರಂಭದ ದಿನಗಳಲ್ಲಿ ಅವುಗಳ ಮೇಲೆ ಕೆಲವೇ ಮೂಟೆಗಳನ್ನಿಟ್ಟು, ಉಳಿದುದನ್ನು ಹಿಂದೆ ಕಟ್ಟಿದ ಜಾರುಬಂಡಿಯ ಮೇಲೆ ಹಂಚುತ್ತಿದ್ದರು. ಚಾಲಕರು, ಮುಳುಗಿದರೆ ಹೊರಕ್ಕೆ ನೆಗೆಯಲು ಅನುವಾಗಲೆಂದು, ಕೊರೆಯುವ ಚಳಿಯಲ್ಲಿಯೂ ಬಾಗಿಲನ್ನು ತೆರೆದಿಟ್ಟುಕೊಂಡು ಓಡಿಸುತ್ತಿದ್ದರು. ದಾರಿಯುದ್ದಕ್ಕೂ ಬಾವುಟ ದೀಪಗಳನ್ನು ಹಿಡಿದ ಕಾವಲಿನವರು, ಅವರಲ್ಲಿ ಅನೇಕರು ಹೆಂಗಸರು, ಬಿರುಕುಗಳನ್ನೂ ಬಾಂಬು ಬಿದ್ದ ಕುಳಿಗಳನ್ನೂ ಗುರುತುಮಾಡಿ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದರು.

ಬಾಂಬಿಲ್ಲದೆ, ಹೆಚ್ಚು ಭಾರವಿಲ್ಲದೆ, ಗಟ್ಟಿಯಾಗಿಯೇ ಇದ್ದ ಗಡ್ಡೆಯ ಮೇಲೆ ಲಾರಿಗಳು ಮುಳುಗಿದಾಗ ಕಾರಣ ಹೊಳೆಯದೆ, ಲೆನಿನ್‌ಗ್ರಾಡಿನ ಭೌತವಿಜ್ಞಾನಿಗಳನ್ನು ಕೇಳಿದರು. ಕೊಬೆಕೊ ಮತ್ತು ಅವರ ಸಂಗಡಿಗರು, ಅವರಲ್ಲಿಯೂ ನೌಮ್ ರೈನೋವ್, ಗಡ್ಡೆಯ ಬಾಗನ್ನು ಅಳೆದು ದಾಖಲಿಸುವ ಒಂದು ಉಪಕರಣವನ್ನು ರಚಿಸಿದರು. ಮೇಲೆ ಹೇಳಿದ ಅಲೆಯ ಗುಟ್ಟು ಹೀಗೆ ಹೊರಬಿದ್ದಿತು. ಗಾಡಿಗಳ ವೇಗಕ್ಕೂ ಅಂತರಕ್ಕೂ ನಿಯಮಗಳಾದುವು. 1942ರ ಏಪ್ರಿಲ್ ಕೊನೆಯ ವಾರದವರೆಗೆ ಆ ದಾರಿಯಲ್ಲಿ ಮೂರು ಲಕ್ಷ ಅರುವತ್ತು ಸಾವಿರ ಟನ್ನಿನಷ್ಟು ಸರಕು ಬಂದಿತು. ಐದು ಲಕ್ಷಕ್ಕೂ ಮಿಕ್ಕಿದ ಜನ ಪ್ರಾಣ ಉಳಿಸಿಕೊಂಡು ಹೊರಹೋದರು. ರಷ್ಯದವರು ಅದನ್ನು ‘ಜೀವನದ ದಾರಿ’ ಎಂದು ಕರೆದರು.

ಆ ನಿಯಮಗಳು ಯುದ್ಧದೊಡನೆ ಮುಗಿಯಲಿಲ್ಲ. ಎಸ್ಟೋನಿಯಾದಲ್ಲಿ ಚಳಿ ಸಾಕಷ್ಟಿದ್ದ ವರ್ಷಗಳಲ್ಲಿ ಹಿಯುಮಾ ದ್ವೀಪಕ್ಕೆ ಸಮುದ್ರದ ಹೆಪ್ಪಿನ ಮೇಲೆ ಸುಮಾರು 25 ಕಿಲೋಮೀಟರು ಉದ್ದದ ಸರಕಾರಿ ದಾರಿಯನ್ನು ತೆರೆಯುವುದುಂಟು. ಅಲ್ಲಿ ಗಂಟೆಗೆ 25 ಕಿಲೋಮೀಟರಿಗಿಂತ ಮೆಲ್ಲಗೆ, ಇಲ್ಲವೆ 40ಕ್ಕಿಂತ ಜೋರಾಗಿ ಹೋಗಬೇಕು. ನಡುವಣ ವೇಗ ಕೂಡದು. ಗಾಡಿಗಳು ಒಂದಕ್ಕೊಂದು ದೂರವಿರಬೇಕು. ಕತ್ತಲಾದ ಮೇಲೆ ಹೋಗತಕ್ಕದ್ದಲ್ಲ. ಬೇರೆಲ್ಲ ದಾರಿಗಳಲ್ಲಿ ಕಡ್ಡಾಯವಾದ ಸೊಂಟಪಟ್ಟಿಯನ್ನು ಅಲ್ಲಿ ಬಿಚ್ಚಿಟ್ಟುಕೊಳ್ಳಬೇಕು. ಇಷ್ಟಾಗಿಯೂ ಗಡ್ಡೆ ಕೆಟ್ಟಿತೆಂದು ಅಧಿಕಾರಿಗಳು ಹೇಳಿದ ದಿನ ದಾರಿ ಮುಚ್ಚುತ್ತದೆ, ಅದಕ್ಕೆ ಮೇಲ್ಮನವಿಯಿಲ್ಲ.

ಭಾರತದೊಳಗೇ ಇಂತಹ ಹೆಪ್ಪು ಲಡಾಖಿನಲ್ಲಿ ಉಂಟು. ಜಂಸ್ಕಾರ್ ನದಿಯು ಚಳಿಗಾಲದಲ್ಲಿ ಹಾಸುಗಟ್ಟಿದಾಗ ಬಹುಕಾಲ ಅದೇ ಊರಿಂದೂರಿಗೆ ದಾರಿಯಾಗಿತ್ತು. ಅದಕ್ಕೆ ಚಾದರ್ ಎಂದು ಹೆಸರು. ಮುಂದೆ ನಡೆಯುವವನು ಕೋಲಿನಿಂದ ಗಡ್ಡೆಯನ್ನು ತಟ್ಟಿ, ಅದರ ಸದ್ದಿನಿಂದಲೇ ದಪ್ಪವನ್ನು ತಿಳಿಯುತ್ತಾನೆ. 2023ರ ಫೆಬ್ರವರಿ 20ರಂದು ಪ್ಯಾಂಗಾಂಗ್ ಸರೋವರದ ಹೆಪ್ಪಿನ ಮೇಲೆ 21 ಕಿಲೋಮೀಟರಿನ ಓಟದ ಪಂದ್ಯವನ್ನು ನಡೆಸಿದರು. ಓಡಿದ್ದು ಮನುಷ್ಯರ ಕಾಲು, ಗಾಲಿಯಲ್ಲ, ಭೇದವು ಮುಖ್ಯವಾದುದು.

೩. ನಮ್ಮ ಕೆರೆಯ ಹೆಪ್ಪು

ಇನ್ನು ಹೆಬ್ಬೂರಿಗೆ ಬರೋಣ. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಈ ಸೀಮೆಯು ಕೆರೆಗಳ ಸೀಮೆ. ಜಾನಪದ ಗೀತದಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನ ಕೆರೆಯಿಂದ ಹಿಡಿದು ಹತ್ತು ಎಕರೆಗೆ ನೀರುಣಿಸುವ ಸಣ್ಣ ಕಟ್ಟೆಯವರೆಗೆ ಒಂದರ ಕೋಡಿ ಇನ್ನೊಂದರ ಒಡಲಿಗೆ ಹರಿಯುವಂತೆ ಹಿರಿಯರು ಕಟ್ಟಿದ್ದಾರೆ. ಬೈಕಲ್ಲಿನ ಮೇಲೆ ಹಳಿ ಹಾಸಿದ ಆ 1904ರಲ್ಲಿಯೇ ಲೂಯಿ ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಎಂಬ ಮಾತುಗಳು ಹೊಸವಲ್ಲ. ಕೆರೆಯನ್ನು ಕಟ್ಟಿದವನಿಗೆ ಮಾತ್ರವೇ ಅಲ್ಲ, ಅದನ್ನು ಕಾಪಾಡುವವನಿಗೂ ಭೂಮಿ ಬಿಡುತ್ತಿದ್ದರು. ಹೂಳನ್ನೆತ್ತಿ ಏರಿಗೆ ಮಣ್ಣು ಹಾಕುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ಭೂಮಿ ಬಿಟ್ಟುದುಂಟು. ಎಂದರೆ ಕೆರೆಯಂಗಳದಲ್ಲಿ ಬಂಡಿಯ ಓಡಾಟವು ಶತಮಾನಗಳಷ್ಟು ಹಳೆಯದು, ಮತ್ತು ಧರ್ಮಕಾರ್ಯವೆಂದು ಎಣಿಸಲ್ಪಟ್ಟದ್ದು.

ಬೇಸಗೆಯಲ್ಲಿ ಕೆರೆ ಬತ್ತಿದಾಗ ಮೇಲಿನ ಗೋಡುಮಣ್ಣು ಒಣಗಿ ಬಿರಿದು ಹೆಂಚಿನಂತಾಗುತ್ತದೆ. ನೋಡಿದವನಿಗೆ ಅದು ಗಟ್ಟಿ ನೆಲ. ಆದರೆ ಜೇಡಿಯು ನೀರನ್ನು ಬೇಗನೆ ಬಿಟ್ಟುಕೊಡುವ ಮಣ್ಣಲ್ಲ. ಒಂದು ಮೊಳ ಒಣಗಿದ ಪದರದ ಕೆಳಗೆ, ತೂಬಿನ ಮುಂದಣ ತಗ್ಗಿನಲ್ಲಿಯೂ ಹಳೆಯ ಹಳ್ಳದ ಜಾಡಿನಲ್ಲಿಯೂ, ಆಳುದ್ದ ಹುದುಲು ಉಳಿದಿರುತ್ತದೆ. ಉತ್ತರದೇಶದ ಹೆಪ್ಪನ್ನು ಚಳಿ ಕಟ್ಟುತ್ತದೆ, ನಮ್ಮದನ್ನು ಬಿಸಿಲು ಕಟ್ಟುತ್ತದೆ. ಬಾಗುವ, ಬಿರುಕುಬಿಡುವ, ನುಂಗುವ ರೀತಿ ಬಹುಮಟ್ಟಿಗೆ ಒಂದೇ.

ಎತ್ತಿನ ಗಾಡಿಯ ಕಾಲದಲ್ಲಿ ಈ ಅಪಾಯಕ್ಕೆ ಎರಡು ತಡೆಗಳಿದ್ದುವು. ಒಂದು, ಎತ್ತು ತಾನೇ. ಗಾಲಿಗಿಂತ ಮುಂಚೆ ಅದರ ಗೊರಸು ನೆಲವನ್ನು ಮುಟ್ಟುತ್ತದೆ. ಕಾಲು ಹೂತಲ್ಲಿ ಅದು ನಿಲ್ಲುತ್ತದೆ, ಬಾರುಕೋಲಿಗೂ ಜಗ್ಗುವುದಿಲ್ಲ. ಲದೋಗಾದಲ್ಲಿ ಕುದುರೆಯನ್ನು ಮೊದಲು ಬಿಟ್ಟು ನೋಡಿದುದರ ಮರ್ಮವೂ ಇದೇ. ಇನ್ನೊಂದು ತಡೆ ನೀರುಗಂಟಿ. ತೂಬನ್ನು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುವುದು ಅವನ ಕೆಲಸವೆಂದು ಎಲ್ಲರೂ ಬಲ್ಲರು. ಅದರೊಡನೆ ಕೆರೆಯ ತಳದ ತಿಳಿವಳಿಕೆಯೆಲ್ಲ ಅವನಲ್ಲಿ ಇರುತ್ತಿತ್ತು: ಯಾವ ಮೂಲೆ ಮೊದಲು ಒಣಗುತ್ತದೆ, ಎಲ್ಲಿ ಊಟೆಯಿದೆ, ಗೋಡು ಹೊಡೆಯುವ ಗಾಡಿ ಯಾವ ಕಡೆಯಿಂದ ಇಳಿಯಬೇಕು, ಏರಿಯ ಯಾವ ಜಾಗ ಜಿನುಗುತ್ತದೆ ಎಂಬುದೆಲ್ಲ. ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನವು ಕೆರೆಯ ದೋಷಗಳನ್ನು ಎಣಿಸುವಾಗ ಏರಿಯಿಂದ ನೀರು ಜಿನುಗುವುದನ್ನೂ ಹೇಳುತ್ತದೆ. ಶಾಸನದಲ್ಲಿ ಕೆತ್ತಿದ ಆ ಜ್ಞಾನವನ್ನು ಊರೂರಿನಲ್ಲಿ ದಿನದಿನವೂ ನಡೆಸುತ್ತಿದ್ದವನು ನೀರುಗಂಟಿ.

ಮೈಸೂರು ಸರಕಾರವು 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ಮಾಡಿ ಕೆರೆಯ ರಕ್ಷಣೆಯನ್ನು ಊರಿನವರಿಗೆ ವಹಿಸಲು ಯತ್ನಿಸಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನಿನಿಂದ ವಂಶಪಾರಂಪರ್ಯದ ಗ್ರಾಮಸೇವೆಗಳು ಕೊನೆಗೊಂಡುವು. ಹುಟ್ಟಿನಿಂದ ಒಬ್ಬನಿಗೆ ಚಾಕರಿಯನ್ನು ಕಟ್ಟುವ ಪದ್ಧತಿ ಹೋದುದು ನ್ಯಾಯವೇ. ಅದನ್ನು ಮರಳಿ ಬಯಸತಕ್ಕದ್ದಿಲ್ಲ. ಆದರೆ ಹುದ್ದೆಯನ್ನು ತೆಗೆದವರು ಅದರೊಳಗಿದ್ದ ವಿದ್ಯೆಯನ್ನು ತೆಗೆದು ಇನ್ನೊಂದು ಕಡೆ ಇಡಲಿಲ್ಲ. ನೀರುಗಂಟಿಯ ಮನೆಯಲ್ಲಿ ತಂದೆಯಿಂದ ಮಗನಿಗೆ ಬರುತ್ತಿದ್ದ ತಿಳಿವಳಿಕೆಗೆ ಉತ್ತರಾಧಿಕಾರಿ ಇಲ್ಲವಾಯಿತು.

ಇದೇ ಕಾಲದಲ್ಲಿ ಭಾರವು ಬೆಳೆಯಿತು. ಎತ್ತಿನ ಗಾಡಿಯು ಒಂದು ಟನ್ನಿನ ಆಸುಪಾಸು ಹೊರುತ್ತಿತ್ತು. ಮಣ್ಣು ತುಂಬಿದ ಟ್ರೈಲರಿನೊಡನೆ ಟ್ರ್ಯಾಕ್ಟರು ಅದರ ಹಲವು ಮಡಿ ತೂಗುತ್ತದೆ. ಟಿಪ್ಪರ್ ಲಾರಿಯ ಮಾತನ್ನು ಹೇಳಬೇಕಾದುದೇ ಇಲ್ಲ. ಅವುಗಳ ಗಾಲಿಗೆ ಗೊರಸಿನ ವಿವೇಕವಿಲ್ಲ. ಹೂತುಹೋದ ಮೇಲೆಯೇ ಚಾಲಕನಿಗೆ ತಿಳಿಯುವುದು. ಹೂತ ಟ್ರ್ಯಾಕ್ಟರನ್ನು ಬಲವಂತವಾಗಿ ಎಬ್ಬಿಸಹೋದರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಚಾಲಕನ ಪ್ರಾಣ ತೆಗೆಯುವುದುಂಟು. ಇಟ್ಟಿಗೆಗೂ ತೋಟಕ್ಕೂ ಮಣ್ಣು ತೆಗೆದ ಕುಳಿಗಳು ಬೇರೆ. ಮೊದಲು ಇಳಿಜಾರಾಗಿ ಸವೆಯುತ್ತಿದ್ದ ಅಂಗಳದಲ್ಲಿ ಈಗ ಯಂತ್ರವು ಗೋಡೆಯಂತೆ ಕಡಿದ ಗುಂಡಿಗಳನ್ನು ಬಿಡುತ್ತದೆ. ಮಳೆಬಂದು ಮೇಲೆ ಒಂದಡಿ ನೀರು ನಿಂತರೆ ಒಂದಡಿಯ ನೀರೂ ಎರಡಾಳಿನ ಗುಂಡಿಯೂ ಒಂದೇ ಸಮನಾಗಿ ಕಾಣುತ್ತವೆ. ದನ ತೊಳೆಯಲು ಇಳಿದ ಹುಡುಗನಿಗೆ ಅದನ್ನು ಹೇಳುವವರಾರು?

ಹೆಬ್ಬೂರಿನ ಸೀಮೆಗೆ ಇನ್ನೊಂದು ವಿಶೇಷವೂ ಸೇರಿದೆ. ಹೇಮಾವತಿಯ ನೀರನ್ನೆತ್ತಿ ಕೆರೆಗಳನ್ನು ತುಂಬಿಸುವ ಗೂಳೂರು–ಹೆಬ್ಬೂರು ಏತ ನೀರಾವರಿ ಯೋಜನೆಯು ಈ ಭಾಗದ ಬಾವಿಗಳಿಗೂ ತೋಟಗಳಿಗೂ ದೊಡ್ಡ ಉಪಕಾರ, ಅದರಲ್ಲಿ ಸಂದೇಹವಿಲ್ಲ. ಆದರೆ ಇದುವರೆಗೆ ಕೆರೆಯ ಪಂಚಾಂಗವು ಮುಗಿಲಿನ ಪಂಚಾಂಗವಾಗಿತ್ತು. ಹುಬ್ಬೆ ಹಸ್ತಗಳ ಮಳೆ ಯಾವಾಗ, ಅಂಗಳ ಒಣಗುವುದು ಯಾವಾಗ ಎಂಬುದನ್ನು ಹಳಬರು ನಕ್ಷತ್ರದ ಮೇಲೆ ಹೇಳುತ್ತಿದ್ದರು. ಕೊಳಾಯಿಯಿಂದ ಬರುವ ನೀರಿಗೆ ನಕ್ಷತ್ರವಿಲ್ಲ. ಬಹುಕಾಲ ಒಣಗಿದ್ದು ಗಾಡಿಯ ಜಾಡು ಬಿದ್ದ ಅಂಗಳವು ಮೋಡವಿಲ್ಲದ ತಿಂಗಳಲ್ಲಿಯೂ ಒಳಗೊಳಗೇ ನೆನೆಯಬಹುದು. ನಿನ್ನೆ ಹೋದ ದಾರಿಯೇ ಇಂದು ನಂಬತಕ್ಕದ್ದಲ್ಲವೆಂಬ ಲದೋಗಾದ ಪಾಠ ಇಲ್ಲಿಗೆ ಹೊಂದುವುದು ಹೀಗೆ.

ಏರಿಯ ವಿಷಯವೂ ಇದಕ್ಕೆ ಹತ್ತಿದ್ದೇ. ಏರಿಯನ್ನು ಕಟ್ಟಿದ್ದು ನೀರು ನಿಲ್ಲಿಸಲು, ದಾರಿಯಾದುದು ಅನಂತರ. ಗಾಲಿಯ ಹರಿವಿನಲ್ಲಿ ಮಳೆನೀರು ಹರಿದು ಕೊರಕಲಾಗುತ್ತದೆ. ತೂಬಿನ ಮೇಲಣ ಮಣ್ಣು ಟೊಳ್ಳಾಗಿರುತ್ತದೆ. ಅಂಚು ನೀರಿನಿಂದ ನೆನೆದಿರುತ್ತದೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಗದ್ದೆಯ ಆಳ, ನಡುವೆ ಎದುರು ಬಂದ ಗಾಡಿಗೆ ಜಾಗ ಕೊಡಬೇಕಾದ ಚಾಲಕ. ನೀರಿನ ದಂಡೆಯ ದಾರಿಗೆ ತಡೆಗೋಡೆಯಿಲ್ಲದಿದ್ದರೆ ಏನಾಗುವುದೆಂಬುದನ್ನು 2018ರ ನವೆಂಬರ್ 24ರಂದು ನಾಡು ಕಂಡಿತು. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ನಾಲೆಯೂ ಕೆರೆಯೂ ಬೇರೆಬೇರೆಯಾದರೂ ದಂಡೆಯು ದಂಡೆಯೇ.

೪. ಉಪಸಂಹಾರ

ಮೇಲಿನ ವೃತ್ತಾಂತಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಹೆಪ್ಪಿನ ಮೇಲೆ ಕೆಟ್ಟವರೆಲ್ಲ ಹೆಪ್ಪು ತೆಳುವಾದುದರಿಂದಲೇ ಕೆಟ್ಟವರಲ್ಲ. ಅದರ ಬಲ್ಲವರನ್ನು ಕೇಳದೆ ಹೋದುದರಿಂದ, ಇಲ್ಲವೆ ತಿಳಿವಳಿಕೆಗಿಂತ ಭಾರವು ಬೇಗ ಬೆಳೆದುದರಿಂದ ಕೆಟ್ಟವರು ಬಹುಮಂದಿ. ಉಳಿದವರೆಲ್ಲ ಒಬ್ಬ ದಾಲ್‌ಬರ್ಗನನ್ನು ಮುಂದೆ ಕಳುಹಿಸಿ, ಒಂದು ಕುದುರೆಯನ್ನು ಮೊದಲು ನಡೆಸಿ, ದೀಪ ಹಿಡಿದ ಕಾವಲಿನವಳ ಮಾತು ಕೇಳಿ ಉಳಿದವರು. ಮುತ್ತಿಗೆಯಲ್ಲಿ ಹಸಿದು ಸಾಯುತ್ತಿದ್ದ ಪಟ್ಟಣವೇ ಗಾಡಿಗಳಿಗೆ ನಿಯಮ ಮಾಡಿ ಕಾವಲಿಟ್ಟಿತೆಂದ ಮೇಲೆ, ಅಂತಹ ಅವಸರವೇನೂ ಇಲ್ಲದ ನಮಗೆ ಅದು ಅಸಾಧ್ಯವಾಗಲಾರದು.

ಮಾಡಬೇಕಾದುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಮಣ್ಣು ತೆಗೆಯಲು ಅಪ್ಪಣೆ ಕೊಡುವವರು ಗುಂಡಿಯ ಅಂಚನ್ನು ಇಳಿಜಾರು ಮಾಡಿಸತಕ್ಕದ್ದು. ಗಾಡಿ ಇಳಿಯುವ ಜಾಗವನ್ನು ಗೂಟ ನೆಟ್ಟು ಗುರುತಿಸಿ, ನೀರು ಬಿಡುವ ಮುನ್ನ ಊರಿನಲ್ಲಿ ಸಾರಿಸತಕ್ಕದ್ದು. ಏರಿಯು ದಾರಿಯಾಗಿರುವಲ್ಲಿ ತಡೆಗೋಡೆ ಬೇಕು. ಭಾರದ ಗಾಡಿಗೆ ಬೇರೆ ದಾರಿ ಬೇಕು. ಇವೆಲ್ಲಕ್ಕಿಂತ ಮೊದಲು, ಊರಿನಲ್ಲಿ ಇನ್ನೂ ಉಳಿದಿರುವ ಹಳೆಯ ನೀರುಗಂಟಿಗಳನ್ನೂ ಗೋಡು ಹೊಡೆದ ಮುದುಕರನ್ನೂ ಕರೆದು ಕೂರಿಸಿ, ಅವರ ಕೆರೆಯ ಒಡಲಿನ ನಕ್ಷೆಯನ್ನು ಅವರ ಬಾಯಿಂದಲೇ ಬರೆದುಕೊಳ್ಳಬೇಕು. ಈ ಕೆಲಸವನ್ನು ಪಂಚಾಯತಿಯೇ ಮಾಡಬೇಕೆಂದಿಲ್ಲ. ಶಾಲೆಯ ಉಪಾಧ್ಯಾಯರೂ ಈ ಪತ್ರಿಕೆಯನ್ನು ಓದುವ ಮನೆಗಳ ತರುಣರೂ ಮಾಡಬಹುದು. ಶಾಸನಗಳನ್ನು ಕಲ್ಲಿನಿಂದ ಓದಿ ಅಚ್ಚು ಹಾಕಿಸಿದವರಿಗೆ ನಾಡು ಋಣಿಯಾಗಿದೆ. ಕಲ್ಲು ಇನ್ನೂ ನೂರು ವರ್ಷ ಕಾದೀತು; ಈ ಮುದುಕರು ಕಾಯಲಾರರು.